ಸರ್ವರಿನ ದಿನಚರಿ: ದಾರಿತಪ್ಪಿಸುವ ಸಂಕೇತಾಂಕಗಳನ್ನು ಓದುವ ಬಗೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ತಾನೇ ಕಂಡ ವಿಷಯದಲ್ಲಿ ಇಷ್ಟು ಎಚ್ಚರಿಕೆ ಅವಶ್ಯವಾದರೆ, ಬೇರೊಬ್ಬರು ಕಂಡು ಬರೆದಿಟ್ಟ ವಿಷಯದಲ್ಲಿ ಇನ್ನೆಷ್ಟು ಎಚ್ಚರಿಕೆ ಬೇಕು!

ಇಂದು ಕಾಲೇಜಿನ ಪ್ರವೇಶದ ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷೆಯ ಶುಲ್ಕ, ಫಲಿತಾಂಶ ಇವೆಲ್ಲವೂ ಬಹುಮಟ್ಟಿಗೆ ವೆಬ್ ಸರ್ವರುಗಳ ಮೂಲಕವೇ ನಡೆಯುತ್ತವೆ. ಅರ್ಜಿ ಹೋಗಲಿಲ್ಲವೆಂದು ವಿದ್ಯಾರ್ಥಿಯೊಬ್ಬನು ದೂರಿದರೆ, ಸರ್ವರನ್ನು ನೋಡಿಕೊಳ್ಳುವವರು ಮೊದಲು ತೆರೆಯುವುದು ಅದರ ದಿನಚರಿಯನ್ನು. ಇದಕ್ಕೆ ಲಾಗ್ ಎಂದು ಹೆಸರು. ಅಲ್ಲಿ ಆ ಅರ್ಜಿಯ ಎದುರಿಗೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. ಅದನ್ನು ನೋಡಿ ‘ತಪ್ಪು ನಿನ್ನದು’ ಎಂದೋ ‘ತಪ್ಪು ನಮ್ಮದು’ ಎಂದೋ ತೀರ್ಮಾನವಾಗುತ್ತದೆ. ಈ ಸಂಖ್ಯೆಗಳು ಸುಳ್ಳು ಹೇಳುವುದು ವಿರಳ; ಆದರೆ ಅವು ಹೇಳುವ ನಿಜ ಬಹಳ ಸಂಕುಚಿತವಾದುದು. ಇದನ್ನರಿಯದೆ ಓದಿದವನು ದಾರಿ ತಪ್ಪುತ್ತಾನೆ. ಅವನ ತೀರ್ಮಾನವನ್ನು ನಂಬಿದ ಅರ್ಜಿದಾರನು ನಷ್ಟಪಡುತ್ತಾನೆ. ಹೀಗಾಗದಂತೆ ಓದುವ ಬಗೆಯನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಚರಿತ್ರೆಯ ವಿದ್ಯಾರ್ಥಿಯು ಒಂದು ಶಾಸನವನ್ನು ಓದುವಾಗ, ಇದನ್ನು ಬರೆಸಿದವರು ಯಾರು, ಯಾರಿಗಾಗಿ ಬರೆಸಿದರು, ಬರೆದವನಿಗೆ ನಿಜವಾಗಿ ಗೊತ್ತಿದ್ದುದೆಷ್ಟು ಎಂಬ ಪ್ರಶ್ನೆಗಳನ್ನು ಹಾಕಿಕೊಳ್ಳುತ್ತಾನಷ್ಟೆ. ಸರ್ವರಿನ ಲಾಗನ್ನು ಓದುವುದಕ್ಕೂ ಬೇಕಾದುದು ಇದೇ ವಿದ್ಯೆ. ಯಂತ್ರಜ್ಞಾನ ಇದರಲ್ಲಿ ಅರ್ಧ ಪಾಲು, ಉಳಿದರ್ಧ ಪ್ರಮಾಣವಿಮರ್ಶೆ.

೧. ಲಾಗಿನ ಒಂದು ಸಾಲು

ಮೊದಲು ಒಂದು ಸಾಲನ್ನು ನೋಡೋಣ. ಇದು ತಿಳಿವಳಿಕೆಗಾಗಿ ಕಲ್ಪಿಸಿದ ಸಾಲು. ಮೂಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಇರತಕ್ಕದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ.

೧೯೨.೦.೨.೧೭ - - [೧೨/ಜೂನ್/೨೦೨೪:೧೦:೪೧:೦೭ +೦೫೩೦] “ಪೋಸ್ಟ್ /ಅರ್ಜಿ ಎಚ್‌ಟಿಟಿಪಿ/೧.೧” ೪೧೩ ೫೮೫

ಮೊದಲನೆಯದು ಕೇಳಿದವರ ವಿಳಾಸ. ಅದರ ಮುಂದಿನ ಎರಡು ಅಡ್ಡಗೆರೆಗಳು ಬಳಕೆದಾರನ ಗುರುತಿಗೆ ಮೀಸಲಾದ ಸ್ಥಳಗಳು; ಸಾಮಾನ್ಯವಾಗಿ ಬರಿದಾಗಿಯೇ ಇರುತ್ತವೆ. ಆಮೇಲೆ ಕಾಲ, ಅನಂತರ ಕೋರಿಕೆ, ಅನಂತರ ನಮ್ಮ ಮೂರಂಕಿಯ ಸಂಕೇತಾಂಕ, ಕೊನೆಗೆ ಕಳುಹಿಸಿದ ಉತ್ತರದ ಗಾತ್ರ ಬೈಟುಗಳಲ್ಲಿ. ಒಂದು ಕೋರಿಕೆಗೆ ಒಂದು ಸಾಲು. ಇದನ್ನು ಪ್ರವೇಶದ ಲಾಗ್ ಎನ್ನೋಣ. ಇದರ ಜೊತೆಗೆ ದೋಷದ ಲಾಗ್ ಎಂಬ ಇನ್ನೊಂದು ಕಡತವಿದೆ. ಅದರಲ್ಲಿ ಸರ್ವರು ತಾನು ಕಂಡ ತೊಡಕನ್ನು ವಾಕ್ಯರೂಪದಲ್ಲಿ ಬರೆದಿಡುತ್ತದೆ. ಮೊದಲನೆಯದನ್ನು ಮಾತ್ರ ಓದಿ ಎರಡನೆಯದನ್ನು ಓದದೆ ಬಿಡುವುದೇ ಅನೇಕ ಭ್ರಾಂತಿಗಳ ಮೂಲ.

೨. ಅಂಕಗಳು ಯಾರಿಗಾಗಿ ಹುಟ್ಟಿದವು?

ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ಎಚ್‌ಟಿಟಿಪಿ ಎಂಬ ಸಂವಹನ ನಿಯಮದ ೧೯೯೧ರ ಮೊದಲ ರೂಪದಲ್ಲಿ ಸಂಕೇತಾಂಕಗಳೇ ಇರಲಿಲ್ಲ. ಬ್ರೌಸರು ಪುಟವನ್ನು ಕೇಳುತ್ತಿತ್ತು, ಸರ್ವರು ಪುಟವನ್ನು ಕೊಡುತ್ತಿತ್ತು. ತೊಡಕಾದರೆ ಮನುಷ್ಯರು ಓದತಕ್ಕ ಒಂದು ಒಕ್ಕಣೆ ಬರುತ್ತಿತ್ತು. ೧೯೯೬ರಲ್ಲಿ ಪ್ರಕಟವಾದ ೧.೦ ಆವೃತ್ತಿಯ ವಿವರಣೆಯಲ್ಲಿ ಮೂರಂಕಿಯ ಸಂಖ್ಯೆಗಳು ವ್ಯವಸ್ಥಿತವಾಗಿ ದೊರೆಯುತ್ತವೆ. ೨೦೨೨ರ ಜೂನ್ ತಿಂಗಳಲ್ಲಿ ಹೊರಬಂದ ಆರ್‌ಎಫ್‌ಸಿ ೯೧೧೦ ಎಂಬ ದಸ್ತಾವೇಜು ಅವುಗಳ ಅರ್ಥವನ್ನು ಮತ್ತೊಮ್ಮೆ ನಿರ್ಧರಿಸಿತು.

ಸ್ಥೂಲವಾಗಿ ಇವು ಐದು ವರ್ಗ. ನೂರರ ವರ್ಗ, ‘ಕೆಲಸ ಮುಂದುವರಿಯುತ್ತಿದೆ’. ಇನ್ನೂರರ ವರ್ಗ, ‘ಆಯಿತು’. ಮುನ್ನೂರರ ವರ್ಗ, ‘ಬೇರೆ ಕಡೆ ನೋಡು’. ನಾನೂರರ ವರ್ಗ, ‘ಕೇಳಿದವನಲ್ಲಿ ದೋಷ’. ಐನೂರರ ವರ್ಗ, ‘ಸರ್ವರಿನಲ್ಲಿ ದೋಷ’.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಈ ಅಂಕವನ್ನು ಸರ್ವರು ಹೇಳುವುದು ಬ್ರೌಸರಿಗೆ; ಮುಂದೆ ಏನು ಮಾಡಬೇಕೆಂದು ಅದಕ್ಕೆ ತಿಳಿಯಲಿ ಎಂದು. ಏನು ಕೆಟ್ಟಿದೆ ಎಂದು ದುರಸ್ತಿಗಾರನಿಗೆ ತಿಳಿಸುವುದಕ್ಕಾಗಿ ಈ ಅಂಕಗಳು ಹುಟ್ಟಲಿಲ್ಲ. ಲಾಗಿನಲ್ಲಿ ನಾವು ಓದುವುದು ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತಿನ ನಕಲು. ಅದು ಒಬ್ಬ ಸಾಕ್ಷಿಯ ಹೇಳಿಕೆಯೇ ಹೊರತು ನ್ಯಾಯಾಧೀಶರ ತೀರ್ಪಲ್ಲ. ಈ ಒಂದು ತತ್ತ್ವವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

೩. ಒಂದೇ ದೋಷ, ಮೂರು ಅಂಕ

ಒಬ್ಬ ವಿದ್ಯಾರ್ಥಿನಿಯು ತನ್ನ ಅಂಕಪಟ್ಟಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದೇ ಕಡತವಾಗಿ ಕಟ್ಟಿ ಅರ್ಜಿಯ ಜೊತೆಗೆ ಕಳುಹಿಸಿದಳೆಂದು ಭಾವಿಸೋಣ. ಕಡತದ ಗಾತ್ರ ನಾಲ್ಕು ಕೋಟಿ ಬೈಟುಗಳಾಯಿತು. ದೋಷ ಇಷ್ಟೇ: ಕಡತ ಮಿತಿಗಿಂತ ದೊಡ್ಡದು. ಇದನ್ನು ಮೂರು ಬಗೆಯ ಸರ್ವರುಗಳು ಹೇಗೆ ದಾಖಲಿಸುತ್ತವೆ ನೋಡಿ.

ಮೊದಲನೆಯದು ಎಂಜಿನ್-ಎಕ್ಸ್. ರಷ್ಯದ ಇಗೋರ್ ಸಿಸೋಯೆವ್ ಅವರು ರಚಿಸಿ ೨೦೦೪ರಲ್ಲಿ ಬಿಡುಗಡೆ ಮಾಡಿದ ಈ ಸರ್ವರು, ಬೇರೆ ಆದೇಶವಿಲ್ಲದಿದ್ದರೆ, ಒಂದು ಮೆಗಾಬೈಟಿಗಿಂತ ದೊಡ್ಡದಾದ ಕೋರಿಕೆಯನ್ನು ಸ್ವೀಕರಿಸುವುದಿಲ್ಲ. ಅದು ಲಾಗಿನಲ್ಲಿ ೪೧೩ ಎಂದು ಬರೆಯುತ್ತದೆ: ಗಾತ್ರ ಹೆಚ್ಚಾಯಿತು. ಇದು ಸರಿಯಾದ ಮಾತೇ. ಆದರೆ ಕಡತ ಇನ್ನೂ ಬರುತ್ತಿರುವಾಗಲೇ ಅದು ನಿರಾಕರಿಸುವುದರಿಂದ, ಬ್ರೌಸರುಗಳು ಈ ಉತ್ತರವನ್ನು ಸರಿಯಾಗಿ ತೋರಿಸಲಾರವೆಂದು ಎಂಜಿನ್-ಎಕ್ಸಿನ ಕೈಪಿಡಿಯೇ ಎಚ್ಚರಿಸುತ್ತದೆ. ವಿದ್ಯಾರ್ಥಿನಿಗೆ ಕಾಣುವುದು ‘ಸಂಪರ್ಕ ಕಡಿದುಹೋಯಿತು’ ಎಂಬ ಒಕ್ಕಣೆ ಮಾತ್ರ. ಅವಳು ತನ್ನ ದೂರವಾಣಿಯನ್ನೋ ಊರಿನ ಸಂಪರ್ಕವನ್ನೋ ಬೈದುಕೊಳ್ಳುತ್ತಾಳೆ.

ಎರಡನೆಯದು ಮೈಕ್ರೋಸಾಫ್ಟಿನ ಐಐಎಸ್. ೨೦೦೮ರ ವಿಂಡೋಸ್ ಸರ್ವರಿನ ಜೊತೆಗೆ ಬಂದ ಅದರ ೭ನೆಯ ಆವೃತ್ತಿಯಲ್ಲಿ ಕೋರಿಕೆಯ ಮಿತಿ ಮೂರು ಕೋಟಿ ಬೈಟು. ಮಿತಿ ಮೀರಿದರೆ ಅದು ಬರೆಯುವುದು ೪೦೪ ಎಂದು! ‘ಕೇಳಿದ್ದು ಇಲ್ಲಿಲ್ಲ’ ಎಂಬುದು ೪೦೪ರ ಪ್ರಸಿದ್ಧ ಅರ್ಥ. ಅರ್ಜಿಯ ಪುಟ ಇದ್ದೇ ಇದೆ. ಅದು ಕಾಣೆಯಾಗಿದೆಯೆಂದು ಹುಡುಕಹೊರಟವನಿಗೆ ಏನೂ ಸಿಕ್ಕುವುದಿಲ್ಲ. ನಿಜವಾದ ಸುಳಿವು ಅದೇ ಸಾಲಿನ ಇನ್ನೊಂದು ಅಂಕಣದಲ್ಲಿರುವ ಉಪಸಂಕೇತದಲ್ಲಿದೆ. ೪೦೪ರ ಜೊತೆಗೆ ೧೩ ಇದ್ದರೆ ಗಾತ್ರ ಹೆಚ್ಚಾಯಿತೆಂದರ್ಥ. ಹಾಗೆಯೇ ೪೦೪ರ ಜೊತೆಗೆ ೩ ಇದ್ದರೆ, ಕಡತ ಇದೆ, ಆದರೆ ಅಂಥ ಜಾತಿಯ ಕಡತವನ್ನು ಕೊಡಲು ಸರ್ವರಿಗೆ ಅಪ್ಪಣೆಯಿಲ್ಲ ಎಂದರ್ಥ. ಕಡತವನ್ನು ಕಣ್ಣಾರೆ ಕಾಣುತ್ತಿದ್ದರೂ ಸರ್ವರು ‘ಇಲ್ಲ’ ಎನ್ನುತ್ತಿದೆಯಲ್ಲ ಎಂದು ಬೆರಗಾಗುವವರು ಈ ಉಪಸಂಕೇತವನ್ನು ನೋಡಬೇಕು.

ಮೂರನೆಯದು ಅಪಾಚೆ ಸರ್ವರಿನ ಹಿಂದೆ ಪಿಎಚ್‌ಪಿ ಭಾಷೆಯಲ್ಲಿ ಬರೆದ ಅರ್ಜಿಯ ಕಾರ್ಯಕ್ರಮ. ಪಿಎಚ್‌ಪಿಯ ಸಹಜ ಮಿತಿ ಎಂಟು ಮೆಗಾಬೈಟು. ಅದಕ್ಕಿಂತ ದೊಡ್ಡ ಅರ್ಜಿ ಬಂದಾಗ, ಕಾರ್ಯಕ್ರಮದ ಕೈಗೆ ಕಡತವೂ ಸಿಕ್ಕುವುದಿಲ್ಲ, ಅರ್ಜಿಯಲ್ಲಿ ತುಂಬಿದ್ದ ಹೆಸರು ವಿಳಾಸಗಳೂ ಸಿಕ್ಕುವುದಿಲ್ಲ, ಎಲ್ಲವೂ ಬರಿದು. ಕಾರ್ಯಕ್ರಮವು ‘ದಯವಿಟ್ಟು ಹೆಸರನ್ನು ತುಂಬಿ’ ಎಂಬ ಪುಟವನ್ನು ಕಳುಹಿಸುತ್ತದೆ. ಒಂದು ಪುಟವನ್ನು ಯಶಸ್ವಿಯಾಗಿ ಕಳುಹಿಸಿದ್ದರಿಂದ ಲಾಗಿನಲ್ಲಿ ೨೦೦ ಎಂದು ದಾಖಲಾಗುತ್ತದೆ: ‘ಆಯಿತು’. ವಿದ್ಯಾರ್ಥಿನಿಯು ಹೆಸರನ್ನು ಎಷ್ಟು ಸಲ ತುಂಬಿದರೂ ಸರ್ವರು ಎಂದಿನಂತೆ ಹೆಸರನ್ನೇ ಕೇಳುತ್ತದೆ; ಲಾಗು ಎಂದಿನಂತೆ ‘ಆಯಿತು’ ಎನ್ನುತ್ತದೆ.

ಒಂದೇ ದೋಷಕ್ಕೆ ೪೧೩, ೪೦೪, ೨೦೦ ಎಂಬ ಮೂರು ಹೆಸರು. ಹೆಸರನ್ನು ಹಿಡಿದು ರೋಗವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

‘ಇಲ್ಲ’ ಮತ್ತು ‘ಕೂಡದು’ ಎಂಬ ಮಾತುಗಳೂ ಹೀಗೆಯೇ ಅದಲುಬದಲಾಗುತ್ತವೆ. ಒಂದು ಕೋಶದಲ್ಲಿ ಮುಖಪುಟದ ಕಡತವೇ ಇಲ್ಲದಿದ್ದರೆ ಎಂಜಿನ್-ಎಕ್ಸ್ ‘ಇಲ್ಲ’ ಎನ್ನದೆ ೪೦೩, ಎಂದರೆ ‘ಪ್ರವೇಶ ನಿಷಿದ್ಧ’ ಎನ್ನುತ್ತದೆ. ಮುಖಪುಟವಿಲ್ಲದಾಗ ಕೋಶದ ಪಟ್ಟಿಯನ್ನು ತೋರಿಸಬೇಕಾಗುತ್ತದೆ, ಅದು ನಿಷಿದ್ಧ ಎಂಬುದು ಅದರ ತರ್ಕ. ಇದಕ್ಕೆ ವಿರುದ್ಧವಾಗಿ, ಗುಟ್ಟಾದ ವಸ್ತುವಿನ ಇರವನ್ನೇ ಮರೆಮಾಡಬಯಸುವ ಸರ್ವರು ‘ಕೂಡದು’ ಎನ್ನುವ ಬದಲು ೪೦೪ ಎನ್ನಬಹುದೆಂದು ನಿಯಮವೇ ಅನುಮತಿ ಕೊಟ್ಟಿದೆ. ಅಲ್ಲಿ ದಾರಿತಪ್ಪಿಸುವುದು ಉದ್ದೇಶಪೂರ್ವಕವಾದುದು.

೪. ಒಂದೇ ಅಂಕ, ಹಲವು ದೋಷ

ಈಗ ಇದರ ಮಗ್ಗುಲನ್ನು ನೋಡೋಣ. ಇಂದಿನ ದೊಡ್ಡ ತಾಣಗಳಲ್ಲಿ ಬಾಗಿಲ ಬಳಿ ನಿಂತ ಸರ್ವರು ತಾನೇ ಉತ್ತರವನ್ನು ಸಿದ್ಧಪಡಿಸುವುದಿಲ್ಲ. ಒಳಗಿರುವ ಕಾರ್ಯಕ್ರಮವನ್ನು ಕೇಳಿ ತಂದುಕೊಡುತ್ತದೆ. ಕಚೇರಿಯ ಕಿಟಕಿಯ ಬಳಿ ಕುಳಿತ ಗುಮಾಸ್ತರು ಒಳಗಿನ ವಿಭಾಗದಿಂದ ಕಡತವನ್ನು ತರಿಸಿಕೊಡುವಂತೆ. ಒಳಗಿನಿಂದ ಸರಿಯಾದ ಉತ್ತರ ಬರದಿದ್ದರೆ ಬಾಗಿಲ ಸರ್ವರು ೫೦೨ ಎನ್ನುತ್ತದೆ. ಇದನ್ನು ನೋಡಿದೊಡನೆ ಒಳಗಿನ ಕಾರ್ಯಕ್ರಮ ನಿಂತುಹೋಗಿದೆಯೆಂದು ಭಾವಿಸಿ ಅದನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ಸಾಮಾನ್ಯ ರೂಢಿ. ಆದರೆ ಎಂಜಿನ್-ಎಕ್ಸಿನ ದೋಷದ ಲಾಗನ್ನು ತೆರೆದರೆ, ಈ ಒಂದೇ ಅಂಕದ ಹಿಂದೆ ಹಲವು ಬೇರೆ ಬೇರೆ ಕಥೆಗಳು ಕಾಣುತ್ತವೆ.

‘೧೧೧: ಸಂಪರ್ಕ ನಿರಾಕರಿಸಲ್ಪಟ್ಟಿತು’ ಎಂದಿದ್ದರೆ, ಸಾಮಾನ್ಯವಾಗಿ ಕಾರ್ಯಕ್ರಮ ನಿಜವಾಗಿಯೂ ನಿಂತಿದೆ. ಇಲ್ಲಿ ರೂಢಿಯ ಚಿಕಿತ್ಸೆ ಸರಿ.

‘೧೩: ಅನುಮತಿಯಿಲ್ಲ’ ಎಂದಿದ್ದರೆ, ಕಾರ್ಯಕ್ರಮ ಆರೋಗ್ಯವಾಗಿಯೇ ಇದೆ, ಬಾಗಿಲ ಸರ್ವರು ಒಳಕ್ಕೆ ಹೋಗದಂತೆ ಲಿನಕ್ಸಿನ ಕಾವಲು ತಡೆದಿದೆ. ರೆಡ್ ಹ್ಯಾಟ್ ಕುಟುಂಬದ ಲಿನಕ್ಸುಗಳಲ್ಲಿ ಎಸ್‌ಇ-ಲಿನಕ್ಸ್ ಎಂಬ ಕಾವಲು ವ್ಯವಸ್ಥೆ ಹೀಗೆ ತಡೆಯುವುದು ಸರ್ವೇಸಾಮಾನ್ಯ. ಕಾರ್ಯಕ್ರಮವನ್ನು ನೂರು ಬಾರಿ ಆರಂಭಿಸಿದರೂ ಫಲವಿಲ್ಲ.

‘೨: ಅಂಥ ಕಡತವಿಲ್ಲ’ ಎಂದಿದ್ದರೆ, ಇಬ್ಬರೂ ಸಂಧಿಸಬೇಕಾದ ಸ್ಥಳದ ಹೆಸರನ್ನು ಇಬ್ಬರ ಆದೇಶಪಟ್ಟಿಯಲ್ಲಿ ಬೇರೆ ಬೇರೆಯಾಗಿ ಬರೆದಿರುವ ಸಂಭವವೇ ಹೆಚ್ಚು.

‘ಒಳಗಿನಿಂದ ಬಂದ ಶೀರ್ಷಿಕೆ ಬಹಳ ದೊಡ್ಡದು’ ಎಂದಿದ್ದರೆ, ಉತ್ತರವು ಸರಿಯಾಗಿಯೇ ಬಂದಿದೆ. ಕುಕಿಗಳು ಮುಂತಾದುವು ತುಂಬಿದ ಅದರ ತಲೆಭಾಗವನ್ನು ಹಿಡಿಯುವಷ್ಟು ಪಾತ್ರೆ ಬಾಗಿಲಿನ ಸರ್ವರಿನಲ್ಲಿಲ್ಲ. ಪಾತ್ರೆಯ ಸಹಜ ಗಾತ್ರ ನಾಲ್ಕು ಅಥವಾ ಎಂಟು ಕಿಲೋಬೈಟು. ಇಂಥ ೫೦೨ ಕೆಲವರಿಗೆ ಮಾತ್ರ ಬರುತ್ತದೆ, ಎಲ್ಲರಿಗೂ ಅಲ್ಲ.

‘ಒಳಗಿನವರು ನಡುವೆಯೇ ಸಂಪರ್ಕ ಕಡಿದರು’ ಎಂದಿದ್ದರೆ, ಕಾರ್ಯಕ್ರಮ ಉತ್ತರ ಕೊಡುವ ಮೊದಲೇ ಸತ್ತಿರಬಹುದು. ಯಂತ್ರದ ಸ್ಮೃತಿ ತುಂಬಿಹೋದಾಗ ಲಿನಕ್ಸ್ ತಾನೇ ಒಂದು ಕಾರ್ಯಕ್ರಮವನ್ನು ಆರಿಸಿ ಕೊನೆಗಾಣಿಸುವುದುಂಟು. ಕೊಲ್ಲಲ್ಪಟ್ಟವನು ತನ್ನ ಸಾವನ್ನು ದಿನಚರಿಯಲ್ಲಿ ಬರೆಯಲಾರನಷ್ಟೆ! ಅದರ ದಾಖಲೆ ವೆಬ್ ಸರ್ವರಿನಲ್ಲೂ ಇಲ್ಲ, ಕಾರ್ಯಕ್ರಮದಲ್ಲೂ ಇಲ್ಲ. ಲಿನಕ್ಸಿನ ಕರ್ನಲ್ ಬರೆಯುವ ಮೂರನೆಯ ಲಾಗಿನಲ್ಲಿದೆ.

೫. ಒಂದೇ ಅರ್ಜಿ, ಮೂರು ದಿನಚರಿ

ಅತ್ಯಂತ ಬೋಧಪ್ರದವಾದ ಪ್ರಸಂಗ ಇದು. ಶುಲ್ಕ ಕಟ್ಟುವ ಕೊನೆಯ ದಿನವೆಂದು ಊಹಿಸಿಕೊಳ್ಳಿ. ದಾರಿಯಲ್ಲಿ ಮೂವರು ಇದ್ದಾರೆ: ಎಲ್ಲಕ್ಕಿಂತ ಹೊರಗೆ ಕೋರಿಕೆಗಳನ್ನು ಹಂಚುವ ಸರ್ವರು, ನಡುವೆ ಎಂಜಿನ್-ಎಕ್ಸ್, ಒಳಗೆ ಕಾರ್ಯಕ್ರಮ ಮತ್ತು ಅದರ ದತ್ತಾಂಶದ ಉಗ್ರಾಣ. ಹೊರಗಿನವನ ತಾಳ್ಮೆ ಮೂವತ್ತು ಸೆಕೆಂಡು, ನಡುವಿನವನದು ಅರುವತ್ತು. ಅಂದಿನ ನೂಕುನುಗ್ಗಲಿನಲ್ಲಿ ಉಗ್ರಾಣಕ್ಕೆ ನಲವತ್ತು ಸೆಕೆಂಡು ಹಿಡಿಯಿತು.

ಮೂವತ್ತನೆಯ ಸೆಕೆಂಡಿನಲ್ಲಿ ಹೊರಗಿನವನು ಬೇಸತ್ತು ವಿದ್ಯಾರ್ಥಿಗೆ ೫೦೪, ಎಂದರೆ ‘ಒಳಗಿನಿಂದ ಉತ್ತರ ಬರಲಿಲ್ಲ’ ಎಂದು ಹೇಳಿ ಸಂಪರ್ಕವನ್ನು ಕಡಿಯುತ್ತಾನೆ. ನಡುವಿನ ಎಂಜಿನ್-ಎಕ್ಸ್ ಇದನ್ನು ಕಂಡು ೪೯೯ ಎಂದು ಬರೆಯುತ್ತದೆ. ಈ ೪೯೯ ಅಂಗೀಕೃತ ನಿಯಮದಲ್ಲಿಲ್ಲ. ‘ಕೇಳಿದವನೇ ಎದ್ದುಹೋದ’ ಎಂದು ತಿಳಿಸಲು ಎಂಜಿನ್-ಎಕ್ಸ್ ತನ್ನ ದಿನಚರಿಗಾಗಿ ಇಟ್ಟುಕೊಂಡ ಸ್ವಂತ ಗುರುತು. ಎದ್ದುಹೋದವನಿಗೆ ಉತ್ತರ ಕೊಡುವ ಮಾತೇ ಇಲ್ಲವಾದ್ದರಿಂದ ಅದನ್ನು ಯಾರಿಗೂ ಕಳುಹಿಸುವುದಿಲ್ಲ. ಒಳಗಿನ ಕಾರ್ಯಕ್ರಮಕ್ಕೆ ಬಹುಮಟ್ಟಿಗೆ ಇದಾವುದೂ ತಿಳಿಯದು. ಅದು ನಲವತ್ತನೆಯ ಸೆಕೆಂಡಿಗೆ ಶುಲ್ಕವನ್ನು ಜಮಾ ಮಾಡಿ ತನ್ನ ಲಾಗಿನಲ್ಲಿ ೨೦೦ ಎಂದು ಬರೆದು ಮುಗಿಸುತ್ತದೆ.

ಒಂದೇ ಕೋರಿಕೆಗೆ ಮೂರು ಸಾಕ್ಷಿಗಳು, ಮೂರು ಹೇಳಿಕೆಗಳು: ೫೦೪, ೪೯೯, ೨೦೦. ಮೂವರೂ ಪ್ರಾಮಾಣಿಕರೇ. ಪ್ರತಿಯೊಬ್ಬನೂ ತನ್ನ ಕಿಟಕಿಯಿಂದ ಕಂಡದ್ದನ್ನು ಹೇಳಿದ್ದಾನೆ. ನಡುವಿನ ಲಾಗನ್ನು ಮಾತ್ರ ಓದಿದವರು ‘ವಿದ್ಯಾರ್ಥಿ ಕಾಯದೆ ಹೊರಟುಹೋದ’ ಎಂದು ಬರೆದುಕೊಳ್ಳುತ್ತಾರೆ. ಆದರೆ ವಿದ್ಯಾರ್ಥಿ ಎದ್ದುಹೋಗಲಿಲ್ಲ; ತಿರುಗುವ ಚಕ್ರವನ್ನು ನೋಡುತ್ತ ಕುಳಿತಿದ್ದ. ಹೊರಟುಹೋದವನು ಹೊರಗಿನ ಸರ್ವರು. ೪೯೯ರಲ್ಲಿ ‘ಕೇಳಿದವನು’ ಎಂದರೆ ಎಂಜಿನ್-ಎಕ್ಸಿನ ಪಕ್ಕದಲ್ಲಿದ್ದವನು, ಅಷ್ಟೇ. ಇನ್ನು ೫೦೪ನ್ನು ಕಂಡ ವಿದ್ಯಾರ್ಥಿ ಶುಲ್ಕ ಸೇರಲಿಲ್ಲವೆಂದು ಮತ್ತೊಮ್ಮೆ ಕಟ್ಟಿದರೆ, ಅದನ್ನು ತಡೆಯುವ ಏರ್ಪಾಡಿಲ್ಲದ ಕಡೆ ಎರಡು ಸಲ ಹಣ ಹೋಗುತ್ತದೆ. ಸಂಕೇತಾಂಕದ ಅರ್ಥನಿರ್ಣಯ ಪಂಡಿತರ ಒಣಚರ್ಚೆಯಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಇಂಥ ೪೯೯ರ ಪ್ರಸಂಗದಲ್ಲಿ ದೋಷದ ಲಾಗೂ ನೆರವಾಗದೆ ಹೋಗಬಹುದು. ಕೇಳಿದವನು ಹೊರಟುಹೋದ ಸುದ್ದಿಯನ್ನು ಎಂಜಿನ್-ಎಕ್ಸ್ ಕ್ಷುಲ್ಲಕವೆಂದು ಎಣಿಸುತ್ತದೆ. ಸಹಜ ಏರ್ಪಾಡಿನಲ್ಲಿ ಅದನ್ನು ಅಲ್ಲಿ ಬರೆಯುವುದೇ ಇಲ್ಲ. ಆಗ ನೋಡಬೇಕಾದದ್ದು ಕಾಲಾವಧಿಯನ್ನು. ೪೯೯ ಎಂದು ಬರೆದ ಸಾಲುಗಳ ಅವಧಿಯೆಲ್ಲ ಸರಿಯಾಗಿ ಮೂವತ್ತು ಸೆಕೆಂಡೇ ಆಗಿದ್ದರೆ, ಅವು ಮನುಷ್ಯರ ಬೇಸರದಿಂದ ಆದುವಲ್ಲ. ಸಾವಿರ ಜನ ಒಂದೇ ಕ್ಷಣದ ಲೆಕ್ಕಕ್ಕೆ ಬೇಸರಪಡುವುದಿಲ್ಲ. ಯಂತ್ರ ಮಾತ್ರ ಹಾಗೆ ಮಾಡುತ್ತದೆ.

೬. ದೋಷವಿಲ್ಲದ ದೋಷಾಂಕ, ದೋಷವುಳ್ಳ ಯಶಸ್ಸು

ಲಾಗಿನಲ್ಲಿ ಭಯಂಕರವಾಗಿ ಕಾಣುವ ಎಷ್ಟೋ ಸಾಲುಗಳು ನಿರುಪದ್ರವಿಗಳು. ವಿಂಡೋಸ್ ಜಾಲದಲ್ಲಿ ಎನ್‌ಟಿಎಲ್‌ಎಂ ಎಂಬ ಗುರುತುಪರೀಕ್ಷೆಯಿದ್ದರೆ ಎರಡು ೪೦೧ಗಳಾದ ಮೇಲೆ ಒಂದು ೨೦೦ ಬರುತ್ತದೆ. ‘ಯಾರು ನೀನು?’ ಎಂದು ಕೇಳಿ, ಉತ್ತರ ಪಡೆದು, ಒಳಗೆ ಬಿಡುವ ಸಹಜ ಕ್ರಮ ಅದು. ಕೋರಿಕೆಯ ಸ್ಥಾನದಲ್ಲಿ ‘ಎಕ್ಸ್೧೬, ಎಕ್ಸ್೦೩, ಎಕ್ಸ್೦೧’ ಎಂಬ ವಿಚಿತ್ರಾಕ್ಷರಗಳೂ ಅದರ ಮುಂದೆ ೪೦೦ ಎಂಬ ಅಂಕವೂ ಇದ್ದರೆ, ಅನೇಕರು ಆಕ್ರಮಣವೆಂದು ಹೆದರುತ್ತಾರೆ. ಅದು ಗೂಢಲಿಪಿಯ ಸಂಪರ್ಕದ ಮೊದಲ ನಮಸ್ಕಾರ. ಸಾದಾ ಬಾಗಿಲಿಗೆ ಬಂದುದರಿಂದ ಅರ್ಥವಾಗದೆ ಹೋಯಿತು. ಬಾಗಿಲ ಸಂಖ್ಯೆಯನ್ನು ತಪ್ಪಾಗಿ ಕೊಟ್ಟಿದ್ದೇ ಅನೇಕ ವೇಳೆ ಇದಕ್ಕೆ ಕಾರಣ. ಬ್ರೌಸರುಗಳು ಯಾರೂ ಕೇಳದಿದ್ದರೂ ತಾಣದ ಚಿಹ್ನೆಯ ಚಿತ್ರವನ್ನು ಹುಡುಕುವುದರಿಂದಲೂ ಎಷ್ಟೋ ೪೦೪ಗಳು ಹುಟ್ಟುತ್ತವೆ.

ಇವುಗಳಿಗಿಂತ ಹೆಚ್ಚು ಅಪಾಯಕಾರಿಯಾದುದು ಸೌಮ್ಯಮುಖದ ೨೦೦. ಉತ್ತರದಲ್ಲಿ ಸಂಕೇತಾಂಕ ಮೊದಲು ಹೊರಡುತ್ತದೆ, ಪುಟ ಆಮೇಲೆ ಹೊರಡುತ್ತದೆ. ‘ಆಯಿತು’ ಎಂದು ಹೇಳಿಯಾದ ಮೇಲೆ ಪುಟ ಅರ್ಧಕ್ಕೆ ನಿಂತುಹೋದರೆ ಆ ಮಾತನ್ನು ಹಿಂದಕ್ಕೆ ಪಡೆಯುವ ಉಪಾಯವಿಲ್ಲ. ಆದುದರಿಂದ ೨೦೦ನ್ನು ಓದುವಾಗ ಪಕ್ಕದ ಗಾತ್ರವನ್ನೂ ಓದಬೇಕು. ಫಲಿತಾಂಶದ ಪುಟ ಎಂದಿನಂತೆ ನಲವತ್ತು ಸಾವಿರ ಬೈಟು ಇರಬೇಕಾದಲ್ಲಿ ಒಂಬೈನೂರು ಬೈಟು ಇದ್ದರೆ, ವಿದ್ಯಾರ್ಥಿಗೆ ಸಿಕ್ಕಿದ್ದು ಫಲಿತಾಂಶವಲ್ಲ. ‘ಪುಟ ಸಿಕ್ಕಲಿಲ್ಲ’ ಎಂದು ಅಂದವಾಗಿ ಬರೆದ ಪುಟವನ್ನು ೨೦೦ರ ಜೊತೆಗೆ ಕಳುಹಿಸುವ ತಾಣಗಳೂ ಉಂಟು. ಗೂಗಲ್ ಸಂಸ್ಥೆಯವರು ಇದನ್ನು ‘ಸಾಫ್ಟ್ ೪೦೪’ ಎಂದು ಕರೆಯುತ್ತಾರೆ.

೭. ಎರವಲು ಪಡೆದ ಅಂಕಗಳು

ಸರ್ವರಿನ ಕೆಳಗೆ ಲಿನಕ್ಸಿನದೇ ಒಂದು ಅಂಕಮಾಲೆಯಿದೆ. ದೋಷದ ಲಾಗಿನಲ್ಲಿ ಕಾಣುವ ೨, ೧೩, ೧೧೧ ಇವು ಅಲ್ಲಿಂದ ಬಂದವು. ಇವು ಅಡಿಪಾಯಕ್ಕೆ ಹತ್ತಿರವಾದುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಆದರೂ ಇವೂ ನಿರ್ದುಷ್ಟವಲ್ಲ.

೨೮ ಎಂದರೆ ‘ಸಾಧನದಲ್ಲಿ ಸ್ಥಳವಿಲ್ಲ’. ನೋಡಿದರೆ ಡಿಸ್ಕಿನಲ್ಲಿ ಅರ್ಧಕ್ಕರ್ಧ ಖಾಲಿ ಇರುತ್ತದೆ! ಕಾರಣವೇನೆಂದರೆ, ಕಡತಗಳನ್ನು ಇಡುವುದಕ್ಕೆ ಸ್ಥಳ ಬೇಕಾದಂತೆ ಪ್ರತಿಯೊಂದು ಕಡತಕ್ಕೂ ಸೂಚಿಯಲ್ಲಿ ಒಂದು ನಮೂದು ಬೇಕು. ಇದಕ್ಕೆ ಐನೋಡ್ ಎಂದು ಹೆಸರು. ಲಕ್ಷಾಂತರ ಪುಟ್ಟ ಕಡತಗಳು ಸೇರಿದರೆ ನಮೂದುಗಳು ಮುಗಿಯುತ್ತವೆ, ಸ್ಥಳ ಮಾತ್ರ ಉಳಿದಿರುತ್ತದೆ. ಗ್ರಂಥಾಲಯದ ಕಪಾಟಿನಲ್ಲಿ ಜಾಗವಿದ್ದರೂ ದಾಖಲೆ ಪುಸ್ತಕದ ಹಾಳೆಗಳು ಮುಗಿದುಹೋದಂತೆ. ಈ ಎರಡು ಕೊರತೆಗಳಿಗೂ ಅಂಕ ಒಂದೇ.

ಯೂನಿಕ್ಸಿನ ಇತಿಹಾಸದಲ್ಲಿ ಇನ್ನೂ ಸ್ವಾರಸ್ಯವಾದ ಒಂದು ಸಂಗತಿಯಿದೆ. ೨೫ನೆಯ ದೋಷದ ಹಳೆಯ ಒಕ್ಕಣೆ ‘ಇದು ಟೈಪ್‌ರೈಟರ್ ಅಲ್ಲ’ ಎಂದಿತ್ತು. ಯೂನಿಕ್ಸ್ ಹುಟ್ಟಿದ ಕಾಲದಲ್ಲಿ ಜನರು ಟೆಲಿಟೈಪ್ ಯಂತ್ರಗಳ ಮುಂದೆ ಕುಳಿತು ಕೆಲಸ ಮಾಡುತ್ತಿದ್ದುದರ ಗುರುತು ಇದು. ಕಾರ್ಯಕ್ರಮವು ಒಂದು ಕಡತವನ್ನು ತೆರೆಯುವಾಗ ‘ಇದು ಟೈಪ್‌ರೈಟರೇ?’ ಎಂದು ಒಳಗೊಳಗೇ ವಿಚಾರಿಸುವುದುಂಟು; ‘ಅಲ್ಲ’ ಎಂಬ ಉತ್ತರ ಕೊನೆಯ ದೋಷದ ಸ್ಥಾನದಲ್ಲಿ ಹಾಗೆಯೇ ಉಳಿಯುತ್ತಿತ್ತು. ಆಮೇಲೆ ಬೇರೆ ಯಾವುದೋ ಕಾರಣದಿಂದ ಕೆಲಸ ಕೆಟ್ಟಾಗ ಕಾರ್ಯಕ್ರಮವು ಆ ಹಳೆಯ ಉತ್ತರವನ್ನೇ ಓದಿ ಹೇಳುತ್ತಿತ್ತು. ಹೀಗೆ ಸೆಂಡ್‌ಮೇಲ್ ಎಂಬ ಅಂಚೆಯ ಕಾರ್ಯಕ್ರಮದಿಂದ, ಕಾಗದ ತಲಪಲಿಲ್ಲವೆಂಬ ಸುದ್ದಿಯ ಜೊತೆಗೆ ‘ಇದು ಟೈಪ್‌ರೈಟರ್ ಅಲ್ಲ’ ಎಂಬ ಅಸಂಬದ್ಧ ಕಾರಣವೂ ಬಂದು ಜನರನ್ನು ಕಂಗೆಡಿಸುತ್ತಿತ್ತು. ಅಂಕ ನಿಜವಾದುದೇ, ಅದು ಹೇಳುತ್ತಿದ್ದುದು ಬೇರೊಂದು ಘಟನೆಯನ್ನು.

೮. ಕಾಲದ ಗೊಂದಲ

ಹಲವು ಲಾಗುಗಳನ್ನು ಹೋಲಿಸಿ ನೋಡುವಾಗ ಕಾಲದ ವಿಷಯದಲ್ಲಿ ಎಚ್ಚರವಿರಬೇಕು. ಅಪಾಚೆಯು ಸಾಮಾನ್ಯವಾಗಿ ಕೋರಿಕೆ ಬಂದ ಕಾಲವನ್ನು ಬರೆಯುತ್ತದೆ. ಎಂಜಿನ್-ಎಕ್ಸ್ ಕೋರಿಕೆ ಮುಗಿದು ಸಾಲನ್ನು ಬರೆಯುವ ಕಾಲವನ್ನು ನಮೂದಿಸುತ್ತದೆ. ನಲವತ್ತು ಸೆಕೆಂಡು ಹಿಡಿದ ಒಂದೇ ಕೆಲಸಕ್ಕೆ ಇವೆರಡರಲ್ಲಿ ನಲವತ್ತು ಸೆಕೆಂಡು ಅಂತರ ಬರುತ್ತದೆ. ಐಐಎಸ್ ತನ್ನ ಸಹಜ ಮಾದರಿಯಲ್ಲಿ ವಿಶ್ವಕಾಲವನ್ನು ಬರೆಯುತ್ತದೆ. ಭಾರತದ ಕಾಲ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಗ್ಗೆ ೧೦-೪೧ಕ್ಕೆ ನಡೆದುದನ್ನು ಅಲ್ಲಿ ೫-೧೧ರ ಬಳಿ ಹುಡುಕಬೇಕು. ಇದನ್ನು ಮರೆತು ‘ಆ ಹೊತ್ತಿನಲ್ಲಿ ನಿನ್ನ ಅರ್ಜಿಯೇ ಬಂದಿಲ್ಲ’ ಎಂದು ಹೇಳಿಬಿಡುವುದು ಬಹಳ ಸುಲಭ.

೯. ಪರಿಶೀಲನೆಯ ಕ್ರಮ

ಮೇಲಿನದನ್ನೆಲ್ಲ ಕ್ರೋಡೀಕರಿಸಿ, ಅಭ್ಯಾಸಿಗಳ ಅನುಕೂಲಕ್ಕಾಗಿ ಒಂದು ಕ್ರಮವನ್ನು ಹೇಳಬಹುದು.

(೧) ಈ ಅಂಕವನ್ನು ಬರೆದವರು ಯಾರು ಎಂದು ಮೊದಲು ಕೇಳಬೇಕು. ಹಂಚುವ ಸರ್ವರೇ, ನಡುವಿನದೇ, ಒಳಗಿನ ಕಾರ್ಯಕ್ರಮವೇ? ದಾರಿಯ ನಕ್ಷೆಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು.

(೨) ಉಪಸಂಕೇತವನ್ನೂ ದೋಷದ ಲಾಗಿನ ವಾಕ್ಯವನ್ನೂ ಓದದೆ ಮೂರಂಕಿಯನ್ನು ನಂಬಬಾರದು.

(೩) ಗಾತ್ರ ಮತ್ತು ಅವಧಿಗಳನ್ನು ನೋಡಬೇಕು. ಅವಧಿಗಳು ಸರಿಯಾಗಿ ೩೦, ೬೦ ಎಂಬಂಥ ಪೂರ್ಣಸಂಖ್ಯೆಗಳಾಗಿದ್ದರೆ ಯಾವುದೋ ಯಂತ್ರದ ತಾಳ್ಮೆ ಮುಗಿದಿದೆ ಎಂದು ತಿಳಿಯಬೇಕು.

(೪) ಅದೇ ಕೋರಿಕೆಯನ್ನು ಪಕ್ಕದ ಲಾಗಿನಲ್ಲಿ ಹುಡುಕಬೇಕು. ಪ್ರತಿ ಕೋರಿಕೆಗೂ ಒಂದು ಗುರುತುಸಂಖ್ಯೆ ಕೊಟ್ಟು ಎಲ್ಲ ಲಾಗುಗಳಲ್ಲಿಯೂ ಬರೆಸಿದರೆ ಇದು ಸುಲಭ. ಎಂಜಿನ್-ಎಕ್ಸಿನಲ್ಲಿ ೨೦೧೬ರಿಂದ ಈ ಸೌಕರ್ಯವಿದೆ. ಒಳಗಿನವರು ಕೊಟ್ಟ ಅಂಕವನ್ನೂ ಅಲ್ಲಿ ಬೇರೆಯಾಗಿ ಬರೆಸಬಹುದು. ಆಗ ‘೫೦೨, ೨೦೦’ ಎಂಬ ಜೋಡಿ ಕಂಡರೆ ಮೊದಲ ಯಂತ್ರ ಸೋತು ಎರಡನೆಯದು ಗೆದ್ದಿತೆಂದು ತಿಳಿಯುತ್ತದೆ.

(೫) ಎಲ್ಲರಿಗೂ ಹೀಗಾಗಿದೆಯೇ, ಕೆಲವರಿಗೆ ಮಾತ್ರವೇ ಎಂದು ನೋಡಬೇಕು. ಕೆಲವರಿಗೆ ಮಾತ್ರವಾದರೆ ಆ ಕೆಲವರಲ್ಲಿ ಸಮಾನವಾದುದೇನು ಎಂಬುದರಲ್ಲಿ ಉತ್ತರವಿದೆ.

(೬) ಕೊನೆಯದಾಗಿ, ಕಂಡುಹಿಡಿದ ಕಾರಣವನ್ನು ಪ್ರಯೋಗದಿಂದ ದೃಢಪಡಿಸಿಕೊಳ್ಳಬೇಕು. ಪರೀಕ್ಷೆಗೆಂದೇ ಇಟ್ಟ ಸರ್ವರಿಗೆ ಅದೇ ಗಾತ್ರದ ಕಡತವನ್ನು ಕಳುಹಿಸಿದಾಗ ಅದೇ ಅಂಕ ಬರಬೇಕು. ಕಾರಣವನ್ನು ತೆಗೆದಾಗ ಹೋಗಬೇಕು. ಅಲ್ಲಿಯವರೆಗೆ ಅದು ಊಹೆ.

೧೦. ತಪ್ಪು ಯಾರದು?

ನಾನೂರರ ವರ್ಗಕ್ಕೆ ‘ಕೇಳಿದವನ ದೋಷ’ ಎಂಬ ಹೆಸರು ಬಂದುದು ವರ್ಗೀಕರಣದ ಸೌಕರ್ಯಕ್ಕಾಗಿ. ಆದರೆ ಹೆಸರಿಗೆ ತನ್ನದೇ ಆದ ಬಲವಿದೆ. ಐನೂರರ ಅಂಕಗಳು ಹೆಚ್ಚಿದಾಗ ಮಾತ್ರ ಎಚ್ಚರಿಕೆಯ ಗಂಟೆ ಬಾರಿಸುವಂತೆ ಏರ್ಪಡಿಸಿ, ನಾನೂರರವನ್ನು ಜನರ ಅಜ್ಞಾನವೆಂದು ಲೆಕ್ಕದಿಂದ ಬಿಟ್ಟುಬಿಡುವ ಪದ್ಧತಿ ಉಂಟು. ನಾವು ಮೇಲೆ ಕಂಡ ದೊಡ್ಡ ಕಡತದ ೪೧೩, ಐಐಎಸಿನ ೪೦೪, ಕಾದು ಕುಳಿತವನ ಹೆಸರಿಗೆ ಬಿದ್ದ ೪೯೯ ಇವೆಲ್ಲವೂ ಆ ಬಿಟ್ಟ ಲೆಕ್ಕದಲ್ಲಿಯೇ ಸೇರುತ್ತವೆ. ೨೦೦ ಎಂದು ಬರೆದ ಬರಿದಾದ ಅರ್ಜಿಯಂತೂ ಯಶಸ್ಸಿನ ಲೆಕ್ಕಕ್ಕೇ ಸೇರುತ್ತದೆ. ದಿನದ ಕೊನೆಗೆ ‘ದೋಷ ಸೊನ್ನೆ’ ಎಂಬ ವರದಿ ಸಿದ್ಧವಾಗುತ್ತದೆ. ಕೊನೆಯ ದಿನಾಂಕವೂ ಮುಗಿಯುತ್ತದೆ. ನಿಧಾನವಾದ ಸಂಪರ್ಕವುಳ್ಳ ಹಳ್ಳಿಯಲ್ಲಿ ಕುಳಿತು ಅರ್ಜಿ ಕಳುಹಿಸಿದವಳಿಗೆ, ಲಾಗಿನ ಪ್ರಕಾರ, ಯಾವ ತೊಂದರೆಯೂ ಆಗಿಲ್ಲ.

ಅರ್ಜಿದಾರಳ ಕೈಯಲ್ಲಿ ಲಾಗ್ ಇರುವುದಿಲ್ಲ. ಸರ್ವರನ್ನು ಇಟ್ಟುಕೊಂಡವರ ಕೈಯಲ್ಲಿರುತ್ತದೆ. ಒಂದೇ ಪಕ್ಷದ ಕೈಯಲ್ಲಿರುವ ದಾಖಲೆಯನ್ನು ಓದುವಾಗ ಇನ್ನೊಂದು ಪಕ್ಷದ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾದದ್ದು ನ್ಯಾಯ. ‘ಹೆಸರು ತುಂಬಿದರೂ ಮತ್ತೆ ಹೆಸರನ್ನೇ ಕೇಳುತ್ತದೆ’ ಎಂದು ವಿದ್ಯಾರ್ಥಿನಿ ಹೇಳುವ ಮಾತು, ಲಾಗಿನ ೨೦೦ಕ್ಕಿಂತ ಹೆಚ್ಚು ಖಚಿತವಾದ ಸುಳಿವು. ಅದನ್ನು ಅಲ್ಲಗಳೆಯದೆ ಬರೆದುಕೊಂಡವನಿಗೆ ಅರ್ಧ ಗಂಟೆಯಲ್ಲಿ ಕಾರಣ ಸಿಕ್ಕೀತು. ಅಲ್ಲಗಳೆದವನಿಗೆ ಅದು ಎಂದಿಗೂ ಸಿಕ್ಕಲಾರದು.

ನಮ್ಮಲ್ಲಿ ಅನೇಕರು ಮುಂದೆ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಬ್ಯಾಂಕುಗಳಲ್ಲಿ ಕುಳಿತು ಜನರ ಅರ್ಜಿಗಳಿಗೆ ಉತ್ತರ ಹೇಳತಕ್ಕವರು. ಲಾಗನ್ನು ಸ್ವತಃ ತೆರೆಯುವ ಸಂದರ್ಭ ಎಲ್ಲರಿಗೂ ಬಾರದಿರಬಹುದು. ಆದರೆ ‘ಸಿಸ್ಟಮ್ಮಿನಲ್ಲಿ ಹಾಗೆ ತೋರಿಸುತ್ತಿದೆ’ ಎಂದು ಹೇಳುವ ಸಂದರ್ಭ ಎಲ್ಲರಿಗೂ ಬರುತ್ತದೆ. ಆಗ, ಹಾಗೆ ತೋರಿಸುತ್ತಿರುವವರು ಯಾರು, ಅವರಿಗೆ ಕಂಡದ್ದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಹಾಕಿಕೊಂಡು, ಆಮೇಲೆ ಎದುರಿಗೆ ನಿಂತವರಿಗೆ ಉತ್ತರ ಹೇಳುವುದು ಕರ್ತವ್ಯ.